ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತಾ?

"ಮೇಡಂ, ಮೇಲ್ಗಡೆ ಹಲ್ಲು ಕಿತ್ರೆ ಕಣ್ಣು ಹೋಯ್ತವಂತೆ, ನಿಜವಾ?"

ಮಧುಗಿರಿಯಲ್ಲಿ ಕ್ಲಿನಿಕ್ ತೆರೆದು 17 ವರ್ಷವಾಯಿತು. ಈ ಪ್ರಶ್ನೆ ಕಿವಿಗೆ ಬೀಳದ ವಾರವೇ ಇಲ್ಲ. ಕೇಳುವವರು ಕುರ್ಚಿಯಲ್ಲಿ ಅರ್ಧ ಮಲಗಿರುತ್ತಾರೆ. ಇಂಜೆಕ್ಷನ್ ಕೊಟ್ಟಾಗಿರುತ್ತದೆ, ತುಟಿ ಜೋಮು ಹಿಡಿಯುತ್ತಿರುತ್ತದೆ. ಅದೇನೋ, ಇಂಜೆಕ್ಷನ್‌ಗೆ ಮೊದಲು ಯಾರೂ ಕೇಳುವುದಿಲ್ಲ.

ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಸಿಟ್ಟು. ಗೋಡೆಗೆ ನರಗಳ ಚಿತ್ರ ಅಂಟಿಸಿಕೊಂಡು ಬೆತ್ತ ಹಿಡಿದ ಮೇಷ್ಟ್ರ ಥರ ಪಾಠ ಮಾಡುತ್ತಿದ್ದೆ. "ನೋಡಿ ಅಜ್ಜಿ, ಹಲ್ಲು ನೋವನ್ನ ಮೆದುಳಿಗೆ ಮುಟ್ಟಿಸೋದು ಐದನೇ ನರ. ಅದಕ್ಕೆ ಮೂರು ಕವಲು. ಒಂದು ಹಣೆಗೆ, ಕಣ್ಣಿನ ಸುತ್ತಕ್ಕೆ. ಒಂದು ಮೇಲಿನ ದವಡೆಗೆ. ಇನ್ನೊಂದು ಕೆಳಗಿನದಕ್ಕೆ. ಆದರೆ ಕಣ್ಣು ಕಾಣಿಸೋ ನರನೇ ಬೇರೆ, ಎರಡನೇದು. ಅದು ಕಣ್ಣಿನ ಹಿಂದಿನಿಂದ ಮೆದುಳಿಗೆ ಹೋಗುತ್ತೆ, ಹಲ್ಲಿನ ಕಡೆ ತಲೆನೂ ಹಾಕಲ್ಲ." ಅಜ್ಜಿ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದರು. ಹಲ್ಲು ಕಿತ್ತಾದ ಮೇಲೆ ಹತ್ತಿ ಕಚ್ಚಿಕೊಂಡು ಬಾಗಿಲ ಹತ್ತಿರ ನಿಂತು, ಒಂದು ಕಣ್ಣು ಕೈಯಲ್ಲಿ ಮುಚ್ಚಿ, ಇನ್ನೊಂದರಲ್ಲಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಆಮೇಲೆ ಕೈ ಬದಲಾಯಿಸುತ್ತಿದ್ದರು.

ಒಂದು ದಿನ ಪಾಠ ಮಾಡುವ ಬದಲು ವಾಪಸ್ ಕೇಳಿದೆ. "ಯಾರಿಗೆ ಹೀಗಾಗಿತ್ತು?" ಆ ಹೆಂಗಸು ತಟ್ಟನೆ ಹೇಳಿದರು. "ನಮ್ಮತ್ತೆಗೆ. ಕೋರೆಹಲ್ಲು ನೋವು ಬಂದು ಮುಖ ಊದ್ಕಂಡು ಕಣ್ಣೇ ಮುಚ್ಚೋಗಿತ್ತು. ಹಲ್ಲು ಕೀಳ್ಸಿದ್ರು. ಆ ವರ್ಷದಿಂದ ಸೂಜಿಗೆ ದಾರ ಪೋಣ್ಸಾಕೇ ಆಗ್ಲಿಲ್ಲ."

ನನಗೆ ಆಗ ಅರ್ಥವಾಯಿತು. ಬಾಯಲ್ಲಿ ಎಲ್ಲಕ್ಕಿಂತ ಉದ್ದ ಬೇರು ಇರುವುದು ಕೋರೆಹಲ್ಲಿಗೆ. ಮೇಲಿನ ಕೋರೆಹಲ್ಲಿನ ಬುಡದಲ್ಲಿ ಕೀವಾದರೆ ಅದು ಮೂಗಿನ ಪಕ್ಕದಿಂದ ಮೇಲಕ್ಕೆ ಹೋಗಿ ಕಣ್ಣಿನ ಕೆಳಗೆ ಊತ ತರುತ್ತದೆ. ರೆಪ್ಪೆ ಮುಚ್ಚಿಹೋಗುತ್ತದೆ. ಅತ್ತೆಯ ಕಣ್ಣು ಮುಚ್ಚಿದ್ದು ನಿಜ. ಸೂಜಿಗೆ ದಾರ ಪೋಣಿಸಲು ಆಗದೆ ಹೋದದ್ದೂ ನಿಜ. 40 ದಾಟಿದವರಿಗೆಲ್ಲ ಹತ್ತಿರದ್ದು ಮಸುಕಾಗುತ್ತದೆ, ವಸಡು ಕೈಕೊಟ್ಟು ಹಲ್ಲು ಬೀಳಲು ಶುರುವಾಗುವುದೂ ಹೆಚ್ಚುಕಮ್ಮಿ ಅದೇ ವಯಸ್ಸಿಗೆ. ಸೊಸೆ ಕಂಡಿದ್ದೆಲ್ಲ ಸರಿ. ಎರಡಕ್ಕೂ ಹಾಕಿದ ಗಂಟು ಮಾತ್ರ ತಪ್ಪು.

ಅವತ್ತಿನಿಂದ ರೋಗಿಗಳ ಪ್ರಶ್ನೆ ಕೇಳುವ ನನ್ನ ಕಿವಿಯೇ ಬೇರೆಯಾಯಿತು. ಮೂಢನಂಬಿಕೆ ಅಂತ ತಳ್ಳಿಹಾಕುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಯಾರೋ ಕಣ್ಣಾರೆ ಕಂಡದ್ದೇ.

ಕ್ಲೀನಿಂಗ್ ವಿಷಯವನ್ನೇ ತಗೊಳ್ಳಿ. "ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತವಂತೆ, ಸಂದಿ ಬೀಳ್ತದಂತೆ." ಬೀಳುತ್ತದೆ, ಸುಳ್ಳಲ್ಲ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ನಾಲಿಗೆ ಆಡಿಸಿ ನೋಡಿ. ಎಂಜಲು ಸುರಿಯುವ ಕೊಳವೆಗಳ ಬಾಯಿ ಅಲ್ಲೇ ಇರುವುದು. ಎಂಜಲಿನಲ್ಲಿ ಕ್ಯಾಲ್ಸಿಯಂ ಇದೆ. ಸರಿಯಾಗಿ ಉಜ್ಜದೆ ಬಿಟ್ಟ ಪಾಚಿ ಅದನ್ನು ಹೀರಿಕೊಂಡು ಕೆಲವೇ ದಿನಗಳಲ್ಲಿ ಗಟ್ಟಿಯಾಗಲು ಶುರುವಾಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಕಲ್ಲು. ಆ ಕಲ್ಲಿನ ಕೆಳಗೆ ವಸಡು ಇಳಿಯುತ್ತದೆ, ಹಲ್ಲು ಹಿಡಿದಿರುವ ಮೂಳೆ ಕರಗುತ್ತದೆ. ಕೊನೆಗೆ ನಾಲ್ಕು ಹಲ್ಲನ್ನೂ ಒಟ್ಟಿಗೆ ಹಿಡಿದುಕೊಂಡಿರುವುದು ಆ ಕಲ್ಲೇ. ನಾನು ಅದನ್ನು ಉದುರಿಸುತ್ತೇನೆ, ಹಲ್ಲು ಅಲ್ಲಾಡುತ್ತದೆ, ಹೆಸರು ನನಗೆ ಬರುತ್ತದೆ.

ಹಾಗೆ ಹೆಸರು ಕೆಡಿಸಿಕೊಂಡಿದ್ದೂ ಇದೆ. ಶುರುವಿನ ವರ್ಷಗಳಲ್ಲಿ ಒಬ್ಬ ಮೇಷ್ಟ್ರಿಗೆ ಏನೂ ಹೇಳದೆ ಪೂರಾ ಕ್ಲೀನ್ ಮಾಡಿ ಕಳಿಸಿದೆ. ಅವರು ಸ್ಟಾಫ್ ರೂಮಿನಲ್ಲಿ ಬಾಯಿ ಕಳೆದು ಸಂದಿ ತೋರಿಸಿದರು. ಆ ಶಾಲೆಯಿಂದ ಎರಡು ವರ್ಷ ಒಬ್ಬರೂ ನನ್ನ ಕಡೆ ಸುಳಿಯಲಿಲ್ಲ. ಈಗ ಮೊದಲು ಕನ್ನಡಿ ಕೊಡುತ್ತೇನೆ. ಯಂತ್ರದ ತುದಿ ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ಅದುರಿ ಕಲ್ಲು ಬಿಡಿಸುತ್ತದೆ, ಹಲ್ಲನ್ನು ಕೆರೆಯುವುದಿಲ್ಲ ಅಂತ ಹೇಳುತ್ತೇನೆ. ಬಿದ್ದ ಚೂರನ್ನು ಟಿಶ್ಯೂ ಮೇಲೆ ಇಟ್ಟು ತೋರಿಸುತ್ತೇನೆ. ಜೋಳದ ನುಚ್ಚಿನಷ್ಟು ದಪ್ಪ, ಒಂದು ಕಡೆ ಹಳದಿ, ವಸಡಿನ ಕಡೆ ಕಪ್ಪು. "ಇದು ನನ್ ಬಾಯಾಗಿತ್ತಾ?" ಅಂತ ಮುಖ ಕಿವುಚುತ್ತಾರೆ. ಕೆಲವರು ಮನೆಯವರಿಗೆ ತೋರಿಸಲು ಮಡಚಿಕೊಂಡು ಹೋಗುತ್ತಾರೆ.

ಇನ್ನು ಅಜ್ಜಿಯ ವಾದ. ಇದಕ್ಕೆ ಎದುರು ನಿಂತು ಗೆದ್ದವರಿಲ್ಲ. "ನಮ್ಮಜ್ಜಿ ಇದ್ದಿಲಲ್ಲಿ ಉಜ್ತಿದ್ರು. 80 ವರ್ಷಕ್ಕೂ ಕಡ್ಲೆ ಕಡೀತಿದ್ರು. ನಿಮ್ ಪೇಸ್ಟು, ಬ್ರಶ್ಶು ಎಲ್ಲಾ ಸುಮ್ನೆ." ಅಜ್ಜಿ ಕಡಲೆ ಕಡಿದದ್ದು ನಿಜ ಇರಬಹುದು. ಆದರೆ ಅಜ್ಜಿ ಸಕ್ಕರೆ ಕಂಡಿದ್ದು ಹಬ್ಬಕ್ಕೆ. ಮೊಮ್ಮಗ ದಿನಕ್ಕೆ ಆರು ಸಲ ಟೀ ಕುಡಿಯುತ್ತಾನೆ, ಆರು ಸಲವೂ ಬಿಸ್ಕತ್ತು ಅದ್ದುತ್ತಾನೆ. ಹಲ್ಲು ಹುಳುಕಾಗುವುದು ಸಕ್ಕರೆ ಎಷ್ಟು ತಿಂದಿರಿ ಅನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನುವುದರ ಮೇಲೆ. ಪ್ರತಿ ಸಲವೂ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತದೆ, ಎಂಜಲು ಅದನ್ನು ತೊಳೆದು ಸರಿಮಾಡುವಷ್ಟರಲ್ಲಿ ಮುಂದಿನ ಟೀ ಬಂದಿರುತ್ತದೆ. ಮತ್ತೆ, ಅದೇ ಬೀದಿಯಲ್ಲಿ ಇದ್ದಿಲಲ್ಲಿ ಉಜ್ಜಿ 45ಕ್ಕೇ ಬೊಚ್ಚುಬಾಯಾದ ಅಜ್ಜಿಯರೂ ಇದ್ದರಲ್ವಾ? ಅವರ ಕಥೆಯನ್ನು ಯಾರೂ ನನ್ನ ಹತ್ತಿರ ತರುವುದಿಲ್ಲ.

ಬೊಚ್ಚುಬಾಯಿ ಅಂದಾಗ ನೆನಪಾಯಿತು. ದಂತ ಭಾಗ್ಯ ಅನ್ನುವ ಸರ್ಕಾರದ ಯೋಜನೆ ಬಂದಾಗ, ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಹಲ್ಲು ಸೆಟ್ ಉಚಿತ ಅಂತ ನಮ್ಮ ಬೀದಿಯ ತಾತನಿಗೆ ಹೇಳಿದೆ. ಅವರು ನನ್ನನ್ನೇ ಕೇಳಿದರು. "ಮುದ್ದೆ ಅಗಿಯದಾ, ನುಂಗದಾ?" ನುಂಗೋದು ಅಂದೆ. "ಮತ್ತೆ ಹಲ್ಲು ಯಾಕವ್ವ?" ಐದು ವರ್ಷ ಓದಿದ ನನ್ನ ಹತ್ತಿರ ಉತ್ತರವಿರಲಿಲ್ಲ. ಈ ಸೀಮೆಯಲ್ಲಿ ಹಲ್ಲು ಸೆಟ್ ಡ್ರಾಯರಿನಲ್ಲೇ ಉಳಿದುಬಿಡಲು ಬಿಸಿ ಮುದ್ದೆ ಮತ್ತು ಬಸ್ಸಾರು ದೊಡ್ಡ ಕಾರಣ.

ನೋವಿನ ಪ್ರಶ್ನೆಗಳದ್ದು ಬೇರೆ ಜಾತಿ. "ರಾತ್ರಿ ಮಲಗಿದ್ರೇ ಯಾಕೆ ಜಾಸ್ತಿ ಆಗುತ್ತೆ?" ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುತ್ತದೆ. ಹಲ್ಲಿನೊಳಗಿನ ಜೀವಂತ ತಿರುಳು ಊದಿಕೊಂಡಿದೆ, ಸುತ್ತ ಗಟ್ಟಿ ಗೋಡೆ, ಹಿಗ್ಗಲು ಜಾಗವಿಲ್ಲ. ಎರಡು ದಿಂಬು ಇಟ್ಟುಕೊಂಡು ಮಲಗಿ ಅನ್ನುತ್ತೇನೆ. ಅವತ್ತೇ ಬೇರಿನ ಚಿಕಿತ್ಸೆ, ಅಂದರೆ ರೂಟ್ ಕೆನಾಲ್, ಮಾಡಿಸಿ ಅಂತಲೂ ಅನ್ನುತ್ತೇನೆ. "ದುಡ್ಡು ಹೊಂದಿಸಿಕೊಂಡು ಬರ್ತೀನಿ ಮೇಡಂ" ಅಂತ ಹೋಗುತ್ತಾರೆ. ಹತ್ತು ದಿನ ಬಿಟ್ಟು ಸಂತೆಯಲ್ಲಿ ಸಿಗುತ್ತಾರೆ. "ನೋವು ತಾನಾಗೇ ನಿಂತೋಯ್ತು, ಲವಂಗ ಇಟ್ಕಂಡೆ." ನಿಂತದ್ದು ನಿಜ. ತಿರುಳು ಸತ್ತಿದೆ, ಸತ್ತದ್ದಕ್ಕೆ ನೋವೆಲ್ಲಿ? ಮುಂದಿನ ಸಲ ಅವರು ಬರುವುದು ಕೆನ್ನೆ ಊದಿಸಿಕೊಂಡು.

ಲವಂಗವನ್ನು ನಾನು ಬೈಯುವುದಿಲ್ಲ. ಬೈಯುವ ಹಾಗೂ ಇಲ್ಲ. ದಂತ ವೈದ್ಯರ ಕ್ಲಿನಿಕ್‌ಗೆ ಕಾಲಿಟ್ಟ ತಕ್ಷಣ ಹೊಡೆಯುವ ವಾಸನೆ ಇದೆಯಲ್ಲ, ಅದು ಲವಂಗದ್ದೇ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲನ್ನು ಜಿಂಕ್ ಆಕ್ಸೈಡ್ ಪುಡಿಗೆ ಕಲಸಿ ನಾವು ತಾತ್ಕಾಲಿಕ ಸಿಮೆಂಟ್ ಮಾಡುತ್ತೇವೆ. ಬರೀ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ರಾತ್ರಿಯಿಡೀ ಒತ್ತಿಟ್ಟುಕೊಂಡರೆ ವಸಡು ಸುಟ್ಟು ಬೆಳ್ಳಗಾಗುತ್ತದೆ, ಅಷ್ಟು ನೋಡಿಕೊಳ್ಳಿ. ನೋವಿನ ಮಾತ್ರೆಯನ್ನು ಪುಡಿ ಮಾಡಿ ಹಲ್ಲಿನ ಮೇಲೆ ಇಡುವುದಂತೂ ಬೇಡವೇ ಬೇಡ. ಮಾತ್ರೆ ನುಂಗುವುದಕ್ಕೆ.

ಇನ್ನೊಂದು ಪ್ರಶ್ನೆ ತಾಯಂದಿರದ್ದು. ಅದು ಪ್ರಶ್ನೆಯ ವೇಷದಲ್ಲಿ ಬರುವ ತೀರ್ಮಾನ. "ಹಾಲುಹಲ್ಲು ತಾನೇ, ಬಿದ್ದೋಗುತ್ತಲ್ವಾ?" ಹುಡುಗನಿಗೆ ಎಂಟು ವರ್ಷ. ಬೆರಳಿಟ್ಟು ತೋರಿಸುವುದು ಕೊನೆಯ ದವಡೆ ಹಲ್ಲನ್ನು. ಅದು ಹಾಲುಹಲ್ಲಲ್ಲ. ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಮೂಡುವ ಶಾಶ್ವತ ಹಲ್ಲು. ಏನೂ ಬೀಳಲಿಲ್ಲವಾದ್ದರಿಂದ ಹೊಸದು ಬಂತು ಅಂತ ಯಾರಿಗೂ ಹೊಳೆಯುವುದಿಲ್ಲ. ಒಂದೊಂದು ಸಲ ನಾನು ನೋಡುವಷ್ಟರಲ್ಲಿ ಅದರ ಮೇಲ್ಭಾಗವೇ ಇರುವುದಿಲ್ಲ. 60 ವರ್ಷ ದುಡಿಯಬೇಕಿದ್ದ ಹಲ್ಲು ಎರಡೇ ವರ್ಷಕ್ಕೆ ಮುಗಿದಿರುತ್ತದೆ. ನಿಮ್ಮ ಮನೆಯಲ್ಲಿ ಆರು ವರ್ಷದ ಮಗು ಇದ್ದರೆ ಇವತ್ತು ರಾತ್ರಿ ಮೊಬೈಲ್ ಟಾರ್ಚ್ ಹಾಕಿ ಎಣಿಸಿ ನೋಡಿ. ಹಾಲುಹಲ್ಲು ಒಂದೊಂದು ದವಡೆಗೆ ಹತ್ತು. ಅದರ ಹಿಂದೆ ಏನಾದರೂ ಕಂಡರೆ, ಅದು ಸಾಯುವವರೆಗೂ ಇರಬೇಕಾದ ಹಲ್ಲು.

ಪಾವಗಡದ ಬಸ್ಸಿನಲ್ಲಿ ಬರುವವರ ಪ್ರಶ್ನೆ ಮಾತ್ರ ಒಂದೇ. "ಎಷ್ಟು ಉಜ್ಜಿದ್ರೂ ಹೋಗಲ್ಲ ಮೇಡಂ. ಏನ್ ಮಾಡ್ಬೇಕು?"

ಮುಂದಿನ ಹಲ್ಲಿನ ಮೇಲೆ ಕಂದು ಪಟ್ಟೆ. ಕೆಲವರಿಗೆ ಸುಣ್ಣದ ಬಿಳಿ ಮಚ್ಚೆ. ನಗುವಾಗ ಕೈ ತಾನಾಗೇ ಬಾಯಿಗೆ ಹೋಗುತ್ತದೆ. ಒಮ್ಮೆ ಒಬ್ಬ ಹುಡುಗಿ ಬಂದಿದ್ದಳು, ಡಿಗ್ರಿ ಮುಗಿಸಿದ್ದಳು. ಜೊತೆಗಿದ್ದ ತಾಯಿ ನನಗಿಂತ ಮೊದಲೇ ಹೇಳಿದರು: "ಭಾನುವಾರ ಗಂಡಿನ ಕಡೆಯವರು ಬರ್ತಾರೆ." ಅವತ್ತು ಗುರುವಾರ. ಹುಡುಗಿ ಇದ್ದಿಲು, ಉಪ್ಪು, ನಿಂಬೆರಸ, ಸೋಡಾ ಎಲ್ಲ ಪ್ರಯೋಗ ಮಾಡಿ ವಸಡು ಕೆಂಪಾಗಿಸಿಕೊಂಡಿದ್ದಳು. ಹಲ್ಲು ಉಜ್ಜದೆ ಬಂದ ಕಲೆ ಅಂತ ಕಾಲೇಜಿನಲ್ಲಿ ಹೇಳಿದ್ದರಂತೆ. ಅವಳಷ್ಟು ಶ್ರದ್ಧೆಯಿಂದ ಉಜ್ಜುವವರನ್ನು ನಾನು ನೋಡೇ ಇಲ್ಲ.

ಆ ಕಲೆ ಹಲ್ಲಿನ ಮೇಲಿಲ್ಲ, ಒಳಗಿದೆ. ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡಿನದು. ಗಟ್ಟಿ ಬಂಡೆಯ ನಾಡು ನಮ್ಮದು. ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಕೂತಿರುತ್ತದೆ, ಕಲ್ಲಿನ ಫ್ಲೋರೈಡ್ ಕರಗಿಸಿಕೊಂಡಿರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಮುಂದಿನ ಶಾಶ್ವತ ಹಲ್ಲುಗಳ ಹೊರಕವಚ ದವಡೆಯೊಳಗೆ ತಯಾರಾಗುವುದು ಮಗುವಿನ ಮೊದಲ 4–5 ವರ್ಷಗಳಲ್ಲಿ. ಕುಡಿದ ನೀರು ಆಗಲೇ ಅದರಲ್ಲಿ ಸಹಿ ಹಾಕಿಬಿಟ್ಟಿರುತ್ತದೆ. ಹಲ್ಲು ಹೊರಗೆ ಬರುವುದು ಆಮೇಲೆ.

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಅನ್ನುವ ಊರಿಗೂ ಇದೇ ಕಥೆ. 1901ರಲ್ಲಿ ಫ್ರೆಡರಿಕ್ ಮೆಕೇ ಅನ್ನುವ ಹೊಸ ದಂತ ವೈದ್ಯ ಅಲ್ಲಿಗೆ ಹೋದ. ಊರಿನ ಮಕ್ಕಳ ಹಲ್ಲೆಲ್ಲ ಕಂದು. ಹಂದಿಮಾಂಸ ಜಾಸ್ತಿ ತಿಂದದ್ದಕ್ಕೆ ಅಂತ ಕೆಲವರು, ಹಾಲು ಕೆಟ್ಟದ್ದು ಅಂತ ಕೆಲವರು, ನೀರಿನಲ್ಲಿ ಸುಣ್ಣ ಇದೆ ಅಂತ ಕೆಲವರು. ಮೆಕೇ ಬಿಡಲಿಲ್ಲ. ಕಲೆಯ ಹಲ್ಲುಗಳು ಹುಳುಕಾಗುವುದು ಕಮ್ಮಿ ಅನ್ನುವುದೂ ಅವನ ಕಣ್ಣಿಗೆ ಬಿತ್ತು. ಕಾರಣ ಸಿಕ್ಕಿದ್ದು ಮಾತ್ರ 30 ವರ್ಷ ಕಳೆದ ಮೇಲೆ, 1931ರಲ್ಲಿ, ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಚರ್ಚಿಲ್ ಎಂಬಾತ ನೀರನ್ನು ಪರೀಕ್ಷೆ ಮಾಡಿದಾಗ. ಇವತ್ತು ಪೇಸ್ಟಿನಲ್ಲಿ ಫ್ಲೋರೈಡ್ ಹಾಕುವುದರ ಹಿಂದೆ ಆ ಕಂದು ಹಲ್ಲಿನ ಮಕ್ಕಳಿದ್ದಾರೆ.

ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ತಯಾರು. "ಹಂಗಾದ್ರೆ ಪೇಸ್ಟ್ ಬಿಡ್ಬೇಕಾ?" ಬೇಡ. ಪೇಸ್ಟ್ ಉಗುಳುತ್ತೇವೆ, ನೀರು ಕುಡಿಯುತ್ತೇವೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಸಾಕು. ಟಿವಿ ಜಾಹೀರಾತಿನಲ್ಲಿ ಬ್ರಶ್ಶಿನ ತುಂಬ ಅಲೆಅಲೆಯಾಗಿ ಹಾಕುತ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ. ಇನ್ನು, ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ಗಾಢವಾಗುತ್ತದೆ. ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಇದೆಯಲ್ಲ, ಆ ನೀರು ಮೊದಲು ಸಲ್ಲಬೇಕಾದ್ದು ಮನೆಯ ಕೂಸಿಗೆ. ನಮ್ಮಲ್ಲಿ ಅದು ಮೊದಲು ಹೋಗುವುದು ನೆಂಟರ ಲೋಟಕ್ಕೆ.

ಆ ಹುಡುಗಿಗೆ ಅವತ್ತು ಹಲ್ಲಿನ ಮೇಲ್ಪದರವನ್ನು ಸ್ವಲ್ಪವೇ ಸವೆಸಿ, ಮುಂದಿನ ನಾಲ್ಕು ಹಲ್ಲಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ಕೂರಿಸಿದೆ. ಭಾನುವಾರಕ್ಕೆ ಸಾಕಾಯಿತು. ತಾಯಿ ಖುಷಿಯಿಂದ ಎರಡೂ ಕೈ ಹಿಡಿದುಕೊಂಡರು. ಅವರು ನಕ್ಕಾಗ ನೋಡಿದೆ. ಅವರದ್ದೂ ಕಂದೇ. ಅವರಿಗೆ ಯಾವತ್ತೂ ಯಾರೂ ಕೇಳಿಲ್ಲ, ಅವರೂ ಕೇಳಿಕೊಂಡಿಲ್ಲ.

ಕಂಡದ್ದು ನಿಜ, ಗಂಟು ತಪ್ಪು ಅನ್ನುವ ನನ್ನ ಲೆಕ್ಕ ಕೈಕೊಡುವುದು ಅಡಿಕೆಯ ಹತ್ತಿರ. ಯಾಕೆಂದರೆ ಅಲ್ಲಿ ಕಾಣುವುದೇ ಇಲ್ಲ. "ತಂಬಾಕು ಹಾಕಲ್ಲ ಮೇಡಂ, ಬರೀ ಅಡಿಕೆ" ಅನ್ನುತ್ತಾರೆ, ಬರೀ ನೀರು ಕುಡಿಯುತ್ತೇನೆ ಅನ್ನುವ ಧಾಟಿಯಲ್ಲಿ. ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯಿಗೆ ಹಾಕಿ ನೋಡಿ ಅನ್ನುತ್ತೇನೆ. ಎರಡಕ್ಕೇ ನಿಲ್ಲುತ್ತದೆ. ಕೆನ್ನೆಯ ಒಳಗೆ ಬೆರಳಾಡಿಸಿದರೆ ಹಗ್ಗ ಎಳೆದು ಕಟ್ಟಿದ ಹಾಗೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಬಾಯಿ ವರ್ಷದಿಂದ ವರ್ಷಕ್ಕೆ ಒಂದೊಂದು ಎಳೆ ಬಿಗಿಯುತ್ತದೆ. ನೋವಿಲ್ಲ, ಹಾಗಾಗಿ ಪ್ರಶ್ನೆಯೂ ಇಲ್ಲ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿ 20 ವರ್ಷ ದಾಟಿತು. ಇದನ್ನು ನಮ್ಮ ಜಿಲ್ಲೆಯಲ್ಲಿ ಜೋರಾಗಿ ಹೇಳುವುದು ಕಷ್ಟ. ಎದುರು ಕೂತವರ ಮಗಳ ಫೀಸು ಅಡಿಕೆಯದೇ, ನನ್ನ ಫೀಸೂ ಅದರದೇ. "ಯಾವಾಗ ಗೊತ್ತಾಯ್ತು?" ಅಂತ ಒಬ್ಬ ಲಾರಿ ಡ್ರೈವರನ್ನು ಕೇಳಿದ್ದೆ. "ಮುದ್ದೆ ತುತ್ತು ಬಾಯಿಗೆ ಹೋಗ್ಲಿಲ್ಲ, ಅವತ್ತು" ಅಂದರು. ಅವರಿಗೆ 34 ವರ್ಷ.

ಇಷ್ಟು ಹೇಳಿದ ಮೇಲೆ ನನ್ನ ಕಡೆಯ ತಪ್ಪನ್ನೂ ಹೇಳಬೇಕು.

ಒಬ್ಬ ಯಜಮಾನರು, 60ರ ಆಸುಪಾಸು. ದಿನಾ ಬೆಳಿಗ್ಗೆ ಬೆಟ್ಟದ ಬುಡದವರೆಗೆ ವಾಕಿಂಗ್. ಎಡಗಡೆ ಕೆಳದವಡೆ ನೋವು ಅಂತ ಬಂದರು. ಅಲ್ಲೊಂದು ಹುಳುಕು ಹಲ್ಲು, ಅರ್ಧ ಮುರಿದಿತ್ತು. ಎಕ್ಸ್-ರೇ ತೆಗೆದೆ, ಉಳಿಯುವ ಹಲ್ಲಲ್ಲ. ಕೀಳೋಣ ಅಂದೆ. ಅವರು ಕುರ್ಚಿಯಲ್ಲೇ ಒಂದು ಮಾತು ಕೇಳಿದರು. "ಹಲ್ಲು ಹುಳುಕಾಗಿದ್ರೆ ಕೂತಾಗ್ಲೂ ನೋಯ್ಬೇಕಲ್ವಾ ಮೇಡಂ? ಇದು ಏರು ಹತ್ತಿದ್ರೆ ಮಾತ್ರ ಬರ್ತೈತೆ. ನಿಂತ್ರೆ ಹೋಗ್ತೈತೆ."

"ನಡೆದಾಗ ರಕ್ತದ ಓಡಾಟ ಜಾಸ್ತಿ ಆಗುತ್ತಲ್ಲ, ಅದಕ್ಕೆ" ಅಂದೆ. ಬಾಯಿಗೆ ಬಂದದ್ದು ಹೇಳಿದೆ. ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ಸಿರಿಂಜ್ ತುಂಬಿಸಿಯೂ ಆಯಿತು.

ಯಾವ ಹಲ್ಲು ಅಂತ ಇನ್ನೊಮ್ಮೆ ಖಚಿತ ಮಾಡಿಕೊಳ್ಳಲು ಕನ್ನಡಿಯ ಹಿಡಿಯಿಂದ ಆ ಹಲ್ಲಿನ ಮೇಲೆ ತಟ್ಟಿದೆ. ನೋವಿಲ್ಲ. ಜೋರಾಗಿ ತಟ್ಟಿದೆ. ಇಲ್ಲ. ತಣ್ಣನೆಯದು ಮುಟ್ಟಿಸಿದೆ. ಏನೂ ಇಲ್ಲ. ಆ ಹಲ್ಲು ಸತ್ತು ವರ್ಷಗಳಾಗಿತ್ತು, ಯಾರಿಗೂ ತೊಂದರೆ ಕೊಡದೆ ಸುಮ್ಮನೆ ಕೂತಿತ್ತು. ಆಗ ಅವರ ಪ್ರಶ್ನೆ ನನ್ನ ತಲೆಗೆ ಹೋಯಿತು.

"ಮೆಟ್ಟಿಲು ಹತ್ತಿದ್ರೆ?"

"ಬರ್ತೈತೆ."

"ಕೈ?"

"ಎಡಗೈ ಸ್ವಲ್ಪ ಭಾರ ಅನ್ನಿಸ್ತೈತೆ. ಅದು ವಯಸ್ಸಿಂದು ಬಿಡಿ."

ಸಿರಿಂಜ್ ಟ್ರೇಗೆ ಹೋಯಿತು. ಮಗನಿಗೆ ಫೋನ್ ಮಾಡಿಸಿ ಅವತ್ತೇ ಇಸಿಜಿಗೆ ಕಳಿಸಿದೆ. ತುಮಕೂರು, ಅಲ್ಲಿಂದ ಬೆಂಗಳೂರಿನ ಜಯದೇವ, ಎರಡು ಸ್ಟೆಂಟ್. ಹೃದಯದ ನೋವು ಎದೆ ಬಿಟ್ಟು ಕೆಳದವಡೆಗೆ ಬರುವುದುಂಟು ಅಂತ ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದಿದ್ದೆ. ಕಂಡದ್ದನ್ನು ಸರಿಯಾಗಿ ಹೇಳಿದವರು ಅವರು. ಎದುರಿಗೆ ಕಂಡ ಹುಳುಕು ಹಲ್ಲಿಗೆ ನೋವನ್ನು ಗಂಟು ಹಾಕಿದವಳು ನಾನು.

ಎಂಟು ತಿಂಗಳ ಮೇಲೆ ಮತ್ತೆ ಬಂದರು. ಹೃದಯದ ಡಾಕ್ಟರು ಹಲ್ಲು ಕೀಳಿಸಬಹುದು ಅಂತ ಬರೆದುಕೊಟ್ಟ ಚೀಟಿ ಕೈಯಲ್ಲಿತ್ತು. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬೇಕಾ ಅಂತ ಕೇಳಿದರು. ನೀವಾಗಿ ಒಂದು ದಿನವೂ ನಿಲ್ಲಿಸಬೇಡಿ, ರಕ್ತವನ್ನು ಹತ್ತಿ ಒತ್ತಿ ನಾನು ನೋಡಿಕೊಳ್ಳುತ್ತೇನೆ ಅಂದೆ. ಕುರ್ಚಿಯಲ್ಲಿ ಒರಗಿದ ಮೇಲೆ ಜೇಬಿನಿಂದ ಇನ್ನೊಂದು ಚೀಟಿ ತೆಗೆದರು.

"ಇದೇನು?"

"ಕಣ್ಣಿಂದು. ನಿನ್ನೆ ಚೆಕ್ ಮಾಡಿಸ್ಕಂಡು ನಂಬರ್ ಬರೆಸ್ಕಂಡು ಬಂದೆ. ಹಲ್ಲು ಕಿತ್ತ ಮೇಲೆ ಇನ್ನೊಂದು ಸಲ ಚೆಕ್ ಮಾಡಿಸ್ತೀನಿ."

"ಇದು ಕೆಳಗಡೆ ಹಲ್ಲು ಯಜಮಾನ್ರೇ."

"ಅದಕ್ಕೇ ಮೇಡಂ," ಅಂದರು. "ಮೊದ್ಲು ಕೆಳಗಡೇದ್ರಲ್ಲಿ ನೋಡಾನ ಅಂತ."